ಗುಳ್ಳೆಗಳ ಬೇಲಿ

ಹೊಸೂರಿನ ನಮ್ಮ ಕಾರ್ಖಾನೆಗೆ ನೀರೆತ್ತುವ ಪಂಪು ಕೆರೆಯೊಳಗೆ ಡ್ರಮ್ಮು ಕಟ್ಟಿದ ತೆಪ್ಪದ ಮೇಲಿತ್ತು. ಮೀನಿನಾಸೆಗೆ ಕಳ್ಳರು ನೀರಲ್ಲಿ ಸಿಡಿಮದ್ದಿನ ತೋಟೆ ಸಿಡಿಸಿದಾಗಲೆಲ್ಲ ಡ್ರಮ್ಮುಗಳು ಬಿರುಕು ಬಿಡುತ್ತಿದ್ದವು. ಗಾಳಿಗುಳ್ಳೆಗಳು ಸಿಡಿತದ ಹೊಡೆತ ತಗ್ಗಿಸುತ್ತವೆಂದು ಎಲ್ಲೋ ಓದಿದ್ದೆ. ತೆಪ್ಪದ ಸುತ್ತ ತೂತಿನ ಪೈಪು ಮುಳುಗಿಸಿ, ತೆಪ್ಪದ ಮೇಲೆ ಗಾಳಿಯೂದುವ ಕಂಪ್ರೆಸರ್ ಇಟ್ಟು ಚಾಲೂ ಮಾಡಿ, ಬುಳುಬುಳು ಗುಳ್ಳೆಗಳ ನಡುವೆ ಅಲ್ಲೇ ಬೀಗುತ್ತ ನಿಂತೆ.

ಮೀನು ಹಿಡಿಯುವ ಮುದುಕನೊಬ್ಬ ಹರಿಗೋಲಿನಲ್ಲಿ ಬಂದ.

"ಏನ್ ಸಾರ್ ಇದು?"

"ತೋಟೆಗೆ ಬೇಲಿ, ತಾತ."

"ಬ್ಯಾಸ್ಗೇಲಿ ಗಾಳಿ ಸಿಕ್ಕಿದ್ ಕಡೀಕೇ ಮೀನೆಲ್ಲಾ ಬತ್ತವೆ. ಮೀನಿದ್ ಕಡೀಕೇ ತೋಟೆ ಬೀಳೋದು ಸಾರ್!"

ಬಗ್ಗಿ ನೋಡಿದೆ. ಕಾಲಡಿಯಲ್ಲೇ ಮೀನಿನ ಸಂತೆ! ದಡದಲ್ಲಿ ಒಬ್ಬ ಬೀಡಿ ಹಚ್ಚುತ್ತಿದ್ದ. ಸೇದುವುದಕ್ಕೋ, ತೋಟೆಯ ಬತ್ತಿಗೋ ಎಂದು ನೋಡುತ್ತ ನಿಲ್ಲಲಿಲ್ಲ. ಮುದುಕನ ಹರಿಗೋಲಿಗೆ ಹಾರಿದೆ.

ತೆಪ್ಪ ಹತ್ತಿ ಕಂಪ್ರೆಸರ್ ಆರಿಸಿ ಬಂದವನು ಆ ಮುದುಕನೇ.