ಒಲೆಯ ಪಕ್ಕದ ಬೂಟು

ಕಳೆದ ಬುಧವಾರ ಬೆಳಿಗ್ಗೆ ಚಾಂಪಿಯನ್ ರೀಫ್ಸ್ ಚಿನ್ನದ ಗಣಿಯೊಳಗೆ ನಾನು ಮುನಿಯಪ್ಪನ ಭುಜದ ಮೇಲೆ ನಿಂತಿದ್ದೆ. ಬಲಗಾಲು ಮಾತ್ರ. ಮೂರು ಉಸಿರಿನಷ್ಟು ಹೊತ್ತು.

ಅಳತೆ ನನ್ನ ಕೆಲಸ (ಗಣಿಯ ಸರ್ವೆಯಲ್ಲಿದ್ದೇನೆಂದು ಈ ಅಂಕಣದ ಹಳೆಯ ಓದುಗರಿಗೆ ಗೊತ್ತು). ಆದ್ದರಿಂದ ನಡೆದದ್ದನ್ನು ನಡೆದಷ್ಟೇ ಹೇಳುತ್ತೇನೆ. ಒಂದು ಸುರಂಗದಿಂದ ಕೆಳಗಿನ ಸುರಂಗಕ್ಕೆ ಮರದ ಏಣಿ. ಇಪ್ಪತ್ತೆರಡು ಮೆಟ್ಟಿಲು. ಟೇಪು ಹೊತ್ತ ಮುನಿಯಪ್ಪ ಮೊದಲು ಇಳಿಯುತ್ತಿದ್ದ, ಅವನ ಮೇಲೆ ನಾನು. ಒಂಬತ್ತನೆಯ ಮೆಟ್ಟಿಲಿನಲ್ಲಿ ನನ್ನ ಬಲ ಬೂಟಿನ ಅಟ್ಟೆ ಮುಂದುಗಡೆ ಕಿತ್ತು ಬಾಯಿ ಬಿಟ್ಟಿತು. ಆ ಬಾಯಿ ಮೆಟ್ಟಿಲನ್ನು ಕಚ್ಚಿಕೊಂಡಿತು. ಕಾಲು ಎಳೆದೆ. ಬಿಡಿಸಿಕೊಂಡು ಬಂದ ಕಾಲಿಗೆ ಕೆಳಗೆ ಏನೂ ಸಿಗಲಿಲ್ಲ.

"ಗಾಳೀನಾಗೆ ಏನ್ ಉಡುಕ್ತೀಯಲಾ? ಇಲ್ಲಿ ನನ್ ಭುಜ ಐತೆ, ಮಡಗು," ಅಂದ ಮುನಿಯಪ್ಪ.

ಮಡಗಿದೆ. ಅದಕ್ಕೇ ಈ ವಾರವೂ ಬರೆಯುತ್ತಿದ್ದೇನೆ.

ಮೇಲೆ ಬಿಸಿಲಿಗೆ ಬಂದ ಮೇಲೆ ಅವನು ನನ್ನ ಬೂಟನ್ನು ಕಳಚಿಸಿ, ಕಾಯಿಲೆ ಬಿದ್ದ ಕರುವಿನ ಬಾಯಿ ನೋಡುವಂತೆ ಅಟ್ಟೆ ಬಿಡಿಸಿ ನೋಡಿದ.

"ಎಷ್ಟ್ ದಿನ ಆತು ಇದಕ್ಕೆ?"

"ಏಳು ತಿಂಗಳು."

ಅವನು ತನ್ನ ಕಾಲು ಚಾಚಿದ. ಅವನದು ನಾಲ್ಕು ವರ್ಷದ ಬೂಟು. ಅದೇ ಅಂಗಡಿಯದು, ಅದೇ ಚರ್ಮ. ತುಳಿಯುವ ಕೆಸರೂ ಅದೇ, ಸುರಿಯುವ ಬೆವರೂ ಅದೇ. ಹಾಗಾದರೆ ವ್ಯತ್ಯಾಸ ಎಲ್ಲಿ?

"ಮನೇಗೋಗಿ ಬೂಟಿಗೆ ಏನ್ ಮಾಡ್ತೀಯ?"

"ದಿನಾ ಒಣಗಿಸುತ್ತೇನೆ," ಅಂದೆ ಹೆಮ್ಮೆಯಿಂದ. "ಬಚ್ಚಲ ಒಲೆ ಪಕ್ಕದಲ್ಲಿ."

"ಒಣಗಿಸ್ತೀನಿ ಅನ್ಬ್ಯಾಡ. ಸುಡ್ತೀನಿ ಅನ್ನು. ಬದನೇಕಾಯಿ ಸುಟ್ಟಂಗೆ."

ಗಣಿ ಕೆಲಸದವರ ನಮ್ಮ ಲೈನ್ ಮನೆಗಳನ್ನು ಬಲ್ಲವರು ಈಗ ನಗುತ್ತಿರಬಹುದು. ಶಿಫ್ಟ್ ಮುಗಿಸಿ ಬಂದವನು ಮೊದಲು ಸ್ನಾನಕ್ಕೆ ಹೋಗುತ್ತಾನೆ, ಅವನ ಬೂಟು ಹಂಡೆಯ ಒಲೆಯ ಮುಂದೆ ಚಳಿ ಕಾಯಿಸಿಕೊಳ್ಳುತ್ತ ಕೂರುತ್ತದೆ. ನಮ್ಮಪ್ಪ ಹಾಗೆ ಮಾಡಿದ. ಪಕ್ಕದ ಮನೆಯವರು ಹಾಗೆ ಮಾಡುತ್ತಾರೆ. ಬೆಳಿಗ್ಗೆ ಬೆರಳಿಂದ ತಟ್ಟಿದರೆ ಟಕ್ ಟಕ್ ಅನ್ನುತ್ತದೆ. ಅದು ಬೂಟಿನ ಆರೋಗ್ಯದ ಲಕ್ಷಣ ಎಂದು ಇಷ್ಟು ವರ್ಷ ನಂಬಿದ್ದೆ. ಚರ್ಮ ಹಾಗೆ ಸದ್ದು ಮಾಡಬಾರದಂತೆ!

ಮುನಿಯಪ್ಪ ಬಂಗಾರಪೇಟೆ ಕಡೆಯ ಹಳ್ಳಿಯವನು, ದಿನಾ ರೈಲಿನಲ್ಲಿ ಬರುತ್ತಾನೆ. ಅವರ ಹೊಲದಲ್ಲಿ ಕಪಿಲೆ ಬಾವಿಯಿದೆ. ಜೋಡಿ ಎತ್ತು ಎಳೆಯುವಾಗ ನೀರು ಹೊತ್ತು ಮೇಲೆ ಬರುವುದು ದೊಡ್ಡ ತೊಗಲಿನ ಚೀಲ. ದಿನವಿಡೀ ನೆನೆಯುವ ತೊಗಲನ್ನು ಹೇಗೆ ಬಾಳಿಸಬೇಕೆಂದು ಅವನು ಕಲಿತದ್ದು ಅಲ್ಲಿ.

"ಕಪಿಲೆ ತೊಗಲು ಒಲೆ ಅತ್ರ ಮಡಗಿದ್ರೆ ನಮ್ಮಪ್ಪ ನನ್ ತೊಗಲು ಸುಲೀತಿದ್ದ ಕಣ್ಲಾ," ಅಂದ.

ನಕ್ಕೆ. ಆದರೆ ಆ ನಗು ಮನೆಯವರೆಗೆ ಬರಲಿಲ್ಲ. ಗುರುವಾರ ನಾನು ಕೆಳಗೆ ಇಳಿಯಲಿಲ್ಲ. ಶುಕ್ರವಾರವೂ, ಶನಿವಾರವೂ. ಆಫೀಸಿನಲ್ಲಿ ನಕ್ಷೆಯ ಕೆಲಸ ಬಾಕಿಯಿದೆ ಅಂದೆ. ನಕ್ಷೆಯಲ್ಲಿ ಏಣಿ ಎಂದರೆ ಒಂದು ಸಣ್ಣ ಗೆರೆ. ಅದನ್ನು ಎಳೆಯುವಾಗಲೂ ಮೇಜಿನ ಕೆಳಗೆ ಬಲಗಾಲು ನೆಲ ಹುಡುಕಿತು. ಶನಿವಾರ, ಇನ್ನು ಮುಂದೆ ಮೇಲಿನ ಕೆಲಸವನ್ನೇ ಕೊಡಿ ಎಂದು ಅರ್ಜಿ ಬರೆದು ಜೇಬಿನಲ್ಲಿಟ್ಟುಕೊಂಡೆ. ಸೋಮವಾರ ಕೊಡುವುದೆಂದು ನಿಶ್ಚಯ.

ಭಾನುವಾರ ಬೆಳಿಗ್ಗೆ ಮುನಿಯಪ್ಪ ಬಾಟಲಿ ತುಂಬ ಹೊಂಗೆ ಎಣ್ಣೆ ಹಿಡಿದು ಬಂದ. ಅಷ್ಟರಲ್ಲಿ ಆಂಡರ್ಸನ್‌ಪೇಟೆಯಲ್ಲಿ ಬೂಟಿಗೆ ಹೊಸ ಅಟ್ಟೆ ಹೊಲಿಸಿ ತಂದಿದ್ದೆ (ಹೊಲಿದವರು ಎರಡು ಸೂಜಿ ಮುರಿದುಕೊಂಡು, ಇದು ಚರ್ಮವೋ ಹಲಗೆಯೋ ಎಂದು ತಮಿಳಿನಲ್ಲಿ ವಿಚಾರಿಸಿದರು).

ಜಗಲಿಯ ಮೇಲೆ ಪಾಠ ಶುರುವಾಯಿತು. ಮೊದಲು ಲೇಸು ಬಿಚ್ಚು. ಒದ್ದೆ ಬಟ್ಟೆಯಿಂದ ಕೆಸರು ಒರೆಸು, ಹೊಲಿಗೆಯ ಸಂದಿನದನ್ನು ಕಡ್ಡಿಯಿಂದ ತೆಗೆ. ಚರ್ಮ ಇನ್ನೂ ಸ್ವಲ್ಪ ತೇವವಿರುವಾಗಲೇ ಎಣ್ಣೆ ಹಚ್ಚು, ವಾರಕ್ಕೊಮ್ಮೆ ಸಾಕು, ಸುರಿಯಬೇಡ, ಬೆರಳಲ್ಲಿ ಉಜ್ಜು. ನಮ್ಮವಳು ಮೂಗು ಮುಚ್ಚಿಕೊಂಡು ಬಾಗಿಲಿಗೆ ಬಂದಳು.

"ಮುನಿಯಪ್ಪಣ್ಣ, ಮನೆಯೆಲ್ಲ ಗಬ್ಬು ನಾರ್ತದೆ."

"ಎರಡ್ ದಿನ ತಡ್ಕೊ ಅಮ್ಮಣ್ಣಿ. ಆಮೇಲೆ ನಿನ್ ಗಂಡನ್ ವಾಸ್ನೆಗಿಂತ ಇದೇ ವಾಸಿ ಅನ್ಸ್ತದೆ."

ಅವಳು ಒಳಗೆ ಹೋಗಿ ನಕ್ಕದ್ದು ಜಗಲಿಗೂ ಕೇಳಿಸಿತು.

ಶಿಫ್ಟ್ ಮುಗಿಸಿ ಬಂದ ದಿನ ಒಳಗೆ ಕಾಗದ ತುರುಕಬೇಕು, ಅದು ನೀರು ಹೀರಿಕೊಳ್ಳುತ್ತದೆ, ಬೂಟು ಸೊಟ್ಟಗಾಗುವುದಿಲ್ಲ ಎಂದ. ತೋರಿಸಲು ಹಳೇ ಪತ್ರಿಕೆ ಉಂಡೆ ಕಟ್ಟುತ್ತಿದ್ದವನು ನಡುವೆ ಕೇಳಿದ, "ಇದ್ರಾಗೆ ನೀನ್ ಬರ್ದಿದ್ದು ಐತಾ?"

"ಇದೆ. ನಲ್ಲಿ ಮುಂದೆ ನಡೆಯುವ ಜಗಳದ ಬಗ್ಗೆ."

"ಅಂಗಾದ್ರೆ ಈ ಕಾಗ್ದ ನೀರ್ ಕಂಡ್ರೆ ಬಿಡಾಕಿಲ್ಲ, ಬಿಡು."

ಕೊನೆಗೆ ಬೂಟನ್ನು ಮಗ್ಗುಲಾಗಿ ಮಲಗಿಸಿದ. ಅಟ್ಟೆಗೂ ಗಾಳಿ ಬೇಕಲ್ಲವೇ? ಒಲೆಯಿಂದ ದೂರ, ಕಿಟಕಿಯ ಕೆಳಗೆ, ನೆರಳಿನಲ್ಲಿ. ಏಳುವಾಗ ನನ್ನ ಮುಖ ನೋಡದೆ ಹೇಳಿದ, "ನಾಳೆ ನಾನ್ ಮೊದ್ಲು ಇಳೀತೀನಿ. ನೀನ್ ಬಾ."

ಅರ್ಜಿಯ ವಿಷಯ ನಾನು ಅವನಿಗೆ ಹೇಳಿರಲಿಲ್ಲ. ಯಾರಿಗೂ ಹೇಳಿರಲಿಲ್ಲ.

ಸೋಮವಾರ ಅದನ್ನು ಜೇಬಿನಲ್ಲೇ ಇಟ್ಟುಕೊಂಡು ಏಣಿಯ ಬಾಯಿಗೆ ಹೋದೆ. ಬೂಟು ಪಾದದ ಜೊತೆ ಬಾಗುತ್ತಿತ್ತು. ಏಳು ತಿಂಗಳಲ್ಲಿ ಮೊದಲ ಸಲ ಮೆಟ್ಟಿಲಿನ ದುಂಡು ಅಂಗಾಲಿಗೆ ತಿಳಿಯಿತು. ಎಣಿಸುತ್ತ ಇಳಿದೆ. ಎಂಟು. ಒಂಬತ್ತು.

"ಭುಜ ಬೇಕೇನ್ಲಾ?" ಕೆಳಗಿನಿಂದ ದನಿ.

"ಬೇಡ, ನಡಿ."

ಇಪ್ಪತ್ತೆರಡೂ ಮುಗಿದವು. ಕೆಳಗೆ ನಿಂತು ಇಬ್ಬರೂ ಕಾರಣವಿಲ್ಲದೆ ನಕ್ಕೆವು.

ಸಂಜೆ ಎಡ ಬೂಟಿಗೆ ಪತ್ರಿಕೆ ತುರುಕಿದೆ. ಬಲ ಬೂಟಿನ ತುದಿಗೆ ಒಂದು ಹಾಳೆ ಕಡಿಮೆ ಬಿತ್ತು. ಜೇಬಿನಲ್ಲಿ ಅರ್ಜಿಯಿತ್ತು, ಅದನ್ನೇ ತುರುಕಿದೆ. ಬೆಳಿಗ್ಗೆ ತೆಗೆದು ನೋಡಿದರೆ ಅದು ನೀರನ್ನು ಚೆನ್ನಾಗಿ ಹೀರಿತ್ತು, ಒಂದಕ್ಷರವೂ ಓದಲು ಬರುತ್ತಿರಲಿಲ್ಲ.

ಅದಿರಲಿ, ನಿಮ್ಮ ಬೂಟು ಈಗ ಎಲ್ಲಿದೆ?