ಸೀನು ಬಂದಾಗ ಹಾಡು ಹಿಡಿಯುವವರು

2006ರಲ್ಲಿ ನಾನು ಬ್ಯಾಡಗಿಯ ಪ್ರಾಥಮಿಕ ಶಾಲೆಯೊಂದರಲ್ಲಿ ಸಂಗೀತ ಶಿಕ್ಷಕಿಯಾಗಿದ್ದೆ. ಸಂಗೀತದ ಪೀರಿಯಡ್ ಎಂದರೆ ಉಳಿದ ಶಿಕ್ಷಕರಿಗೆ ನೋಟ್ಸ್ ತಿದ್ದಲು ಸಿಗುವ ಬಿಡುವು. ಹೆಡ್ ಮಾಸ್ತರರಿಗೆ ಸ್ವಾಗತಗೀತೆ ತಯಾರಾಗುವ ಕಾರ್ಖಾನೆ. ಇದನ್ನು ನೋಡಿದರೆ ನನಗೆ ಮೈ ಉರಿಯುತ್ತಿತ್ತು. ಒಂದು ದಿನ ಮೂರನೇ ತರಗತಿಯ ಮಕ್ಕಳನ್ನು, "ಹಾಡು ಎಲ್ಲಿಂದ ಬರತೈತಿ?" ಎಂದು ಕೇಳಿದೆ. "ಟೀವಿಯಾಗಿಂದ್ರಿ!" ಎಂದು ಇಡೀ ತರಗತಿ ಕೂಗಿತು. ಅವತ್ತೇ ಹಠ ಹಿಡಿದೆ. ನಿಮ್ಮ ಮನೆಯವರು ಕೆಲಸ ಮಾಡುವಾಗ ಏನು ಹಾಡುತ್ತಾರೆ ಕೇಳಿಕೊಂಡು ಬನ್ನಿ, ಅದೇ ಧಾಟಿಯಲ್ಲಿ ನಾಲ್ಕು ಸಾಲು ನೀವೇ ಕಟ್ಟಿ ಎಂದು ಒಂದು ವಾರ ಕೊಟ್ಟೆ.

ಎಂಟು ವರ್ಷದ ರೇಣುಕಾಳ ತಾಯಿ ನೀಲವ್ವ ಮೆಣಸಿನಕಾಯಿ ಗೋಡೌನಿನಲ್ಲಿ ತೊಟ್ಟು ಬಿಡಿಸುವ ಕೆಲಸಕ್ಕೆ ಹೋಗುತ್ತಿದ್ದಳು. ರೇಣುಕಾ ಎದ್ದು ನಿಂತು ಹಾಡಿದಳು:

ಸುಕ್ಕಿನ ಕಾಯೇ, ಸೊಕ್ಕಿನ ಕಾಯೇ,
ನಮ್ಮವ್ವನ ಕೈಯ ಬಿಡು,
ನನ್ನ ಗಲ್ಲ ಮುಟ್ಟಾಕ ಬರವಲ್ದ ಆಕಿಗೆ,
ಉರಿಯ ತಗೊಂಡು ನಡಿ.

ಎರಡನೇ ಸಾಲಿನ ನಡುವೆ ಗಕ್ಕನೆ ನಿಂತು ಪಕ್ಕದ ಹುಡುಗಿಯ ಭುಜ ತಟ್ಟಿದಳು. ರೇಣುಕಾಳಿಂದ ಮೊದಲೇ ಕಲಿತಿದ್ದ ಆ ಹುಡುಗಿ ಅಲ್ಲಿಂದಲೇ ಹಾಡನ್ನು ಮುಂದುವರಿಸಿದಳು. "ಯಾಕವ್ವ, ನಡುವ ನಿಂತಿ?" ಎಂದೆ.

"ಗೋಡೌನಿನ್ಯಾಗ ಹಾಡೂವಾಗ ಸೀನು ಬರ್ತಾವ್ರಿ ಅಕ್ಕಾರ. ಸೀನು ಬಂದಾಕಿ ಬಾಜೂದಾಕಿನ್ನ ತಟ್ತಾಳ. ಆಕಿ ಹಾಡು ಹಿಡೀತಾಳ. ಹಾಡು ನಿಂದ್ರಂಗಿಲ್ರಿ."

ನನ್ನ ಡಿಪ್ಲೊಮಾ ಪಾಠಗಳಲ್ಲಿ ಇಲ್ಲದ್ದನ್ನು ಆ ಮಗು ಹೇಳಿತ್ತು. ಅವತ್ತು ಮಕ್ಕಳೆಲ್ಲ ಒಬ್ಬರ ಹಾಡನ್ನು ಒಬ್ಬರು ಹಿಡಿದು ಕುಣಿದಾಡಿದರು. ಧಾಟಿ ಹೇಗೆ ಹುಟ್ಟುತ್ತದೆ ಎಂದು ನಾನು ಬೇರೆ ವಿವರಿಸಬೇಕಾಗಲಿಲ್ಲ.

ಅಷ್ಟಕ್ಕೇ ಬಿಡಬೇಕಿತ್ತು. ರಾಣೆಬೆನ್ನೂರಿನಲ್ಲಿ ಶಾಲಾ ಮಕ್ಕಳ ಹಾಡಿನ ಸ್ಪರ್ಧೆ ಇತ್ತು, ಅದಕ್ಕೆ ರೇಣುಕಾಳ ಹಾಡನ್ನೇ ಆರಿಸಿದೆ. ಹೆಡ್ ಮಾಸ್ತರರು ತಾಲೀಮು ನೋಡಿ ಮುಖ ಸಿಂಡರಿಸಿದರು. "ನಡುವ ನಿಂತ್ರ ಹುಡುಗಿ ಮರತಾಳ ಅಂತಾರ್ರೀ ಟೀಚರ್. ಒಬ್ಬಾಕಿನ ಹಾಡ್ಲಿ. ನೆಟ್ಟಗ ಮಾಡ್ರಿ." ನಾನು ಜಗಳ ತೆಗೆಯಬೇಕಿತ್ತು. ತೆಗೆಯಲಿಲ್ಲ, ಬಹುಮಾನದ ಆಸೆ ನನಗೂ ಇತ್ತು. ಹಾರ್ಮೋನಿಯಂ ಇಟ್ಟುಕೊಂಡು, ಎಂಟು ಮಾತ್ರೆಗಳ ಕೆಹರವಾ ತಾಳಕ್ಕೆ ಹಾಡನ್ನು ಕೂರಿಸಿದೆ. ಹತ್ತು ದಿನ ಅಭ್ಯಾಸ. ರೇಣುಕಾ ನಿಂತಾಗಲೆಲ್ಲ ಟೇಬಲ್ ಕುಟ್ಟಿ ಗದರಿದೆ.

ಮೊದಲ ಬಹುಮಾನ ಬಂತು. "ಹಳ್ಳಿ ಹಾಡನ್ನು ಎಷ್ಟು ಚೊಕ್ಕ ಮಾಡಿದ್ದೀರಿ!" ಎಂದು ತೀರ್ಪುಗಾರರೊಬ್ಬರು ಹೊಗಳಿದರು. ಯಾವುದು ಕೊಳೆಯಾಗಿತ್ತು ಸ್ವಾಮಿ ಎಂದು ಕೇಳದೆ ಹಲ್ಲು ಕಿರಿದು ನಿಂತೆ. ಆ ನಗುವನ್ನು ನೆನೆದರೆ ಈಗಲೂ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕೆನಿಸುತ್ತದೆ. ಗೋಡೌನಿನ ಇಬ್ಬರು ಹೆಂಗಸರ ಜೊತೆ ಹಾಡು ಕೇಳಲು ಬಂದಿದ್ದ ನೀಲವ್ವ ನೇರ ನನ್ನೆದುರು ಬಂದು ನಿಂತಳು.

"ಒಬ್ಬಾಕಿನ ಹಾಡಿದ್ಲಲ್ರಿ ಅಕ್ಕಾರ. ಬಾಜೂದಾಕಿ ಏನ್ ಸತ್ತಾಳೇನ್ರಿ?"

ಆಕೆ ಬಹುಮಾನದ ಕಪ್ಪನ್ನು ಮುಟ್ಟಿಯೂ ನೋಡದೆ ಮಗಳ ಕೈ ಹಿಡಿದು ಹೊರಟಳು.

ಸೋಮವಾರ ತರಗತಿಯಲ್ಲಿ, "ನಾನ ಕೆಡಿಸೀನಿ. ಮೊದಲಿನಂಗ ಹಾಡೂಣು" ಎಂದೆ. ರೇಣುಕಾ ಶುರು ಮಾಡಿದಳು. ಎಲ್ಲಿಯೂ ನಿಲ್ಲದೆ ಕೊನೆಯವರೆಗೆ ಹಾಡಿ ಮುಗಿಸಿದಳು. ಇನ್ನೊಮ್ಮೆ ಹಾಡಿಸಿದೆ, ಮತ್ತೆ ಅದೇ. "ಎಲ್ಲಿ ನಿಂದರಬೇಕೋ ತಿಳೀವಲ್ದ್ರಿ ಅಕ್ಕಾರ" ಎಂದು ಅಳತೊಡಗಿದಳು. ಪಕ್ಕದ ಹುಡುಗಿ ಕೈಕಟ್ಟಿ ಕೂತೇ ಇದ್ದಳು.

ಹಾಡನ್ನು ಕಟ್ಟಿದ್ದು ಎಂಟು ವರ್ಷದ ಮಗು, ಕೆಡಿಸಿದ್ದು ಡಿಪ್ಲೊಮಾ ಪಡೆದ ನಾನು. ಹೆಡ್ ಮಾಸ್ತರರ ಮೇಲಿನ ಸಿಟ್ಟು ಎಂದೋ ಆರಿತು, ನನ್ನ ಮೇಲಿನದು ನಿವೃತ್ತಿಯಾದರೂ ಆರಿಲ್ಲ. ಮಕ್ಕಳಿಗೆ ಸಂಗೀತ ಕಲಿಸುವವರು, ಈ ಹಾಡನ್ನು ನಿಮ್ಮವರು ಹೇಗೆ ಹಾಡುತ್ತಾರೆ ಎಂದು ಮೊದಲು ಕೇಳಬೇಕು. ನಾನು ಕೇಳಿದ್ದೆ. ಉತ್ತರವೂ ಸಿಕ್ಕಿತ್ತು. ಕಿವಿಗೆ ಹಾಕಿಕೊಳ್ಳಲಿಲ್ಲ.