ಕರೂರಿನ ಖಾತೆಗೆ ಬಿದ್ದ ಕೆಂಪು ಗುರುತು

ಆ ದಿನ ಮಳೆ ಬಂದಿತ್ತೆಂದು ಬರೆಯುವ ಆಸೆಯಾಗುತ್ತದೆ. ಬಂದಿರಲಿಲ್ಲವೇನೋ. ಖಚಿತವಾಗಿ ಗೊತ್ತಿರುವುದು ಇಷ್ಟು: ಬಳ್ಳಾರಿಯ ನಮ್ಮ ಬ್ಯಾಂಕ್ ಕಚೇರಿಗೆ, ಅಕ್ರಮ ಹಣದ ಓಡಾಟ ಪತ್ತೆಮಾಡಲೆಂದು ಹೊಸದಾಗಿ ಬಂದ ಸಾಫ್ಟ್‌ವೇರ್ ಸಿರುಗುಪ್ಪ ಕಡೆಯ ಕರೂರಿನ ಒಬ್ಬ ಹೆಂಗಸಿನ ಖಾತೆಗೆ ಕೆಂಪು ಗುರುತು ಹಾಕಿತ್ತು. ಹಲವರಿಂದ ಬಂದ ಹಣ ಸ್ವಲ್ಪ ಹೊತ್ತಿನಲ್ಲೇ ಚೂರುಚೂರಾಗಿ ಬೇರೆ ಖಾತೆಗಳಿಗೆ ಹೋಗುತ್ತಿತ್ತು. ಕದ್ದ ಹಣ ಸಾಗಿಸುವವರು ಮಾಡುವುದೂ ಹೀಗೆಯೇ. ಇಂಥ ಖಾತೆಗಳ ವಿಚಾರಣೆ ನನ್ನ ಕೆಲಸ; ಖಾತೆಗೆ ತಡೆ ಹಾಕಿಸಿ ಸಿರುಗುಪ್ಪ ಶಾಖೆಗೆ ಹೊರಟೆ.

ಆಕೆ ನನಗಿಂತ ಮೊದಲೇ ಬಂದು ಕೂತಿದ್ದಳು. ಭತ್ತ ನಾಟಿ ಮಾಡುವ ಹೆಂಗಸರ ಗುಂಪಿನ ಮೇಸ್ತ್ರಿ. ರೈತರು ಇಡೀ ಗುಂಪಿನ ಕೂಲಿಯನ್ನು ಅವಳ ಫೋನಿಗೆ ಹಾಕುತ್ತಾರೆ, ಅವಳು ಹಂಚುತ್ತಾಳೆ.

"ಸಂಜಿಯೊಳಗ ಕೂಲಿ ಮುಟ್ಲಿಲ್ಲಂದ್ರ ನಾಳಿ ಕುರುಗೋಡಿನ ನಾಟಿಗೆ ಒಬ್ರೂ ನನ್ನ ಹಿಂದ ಬರಂಗಿಲ್ರಿ ಮೇಡಂ. ಬ್ಯಾರೆ ಮೇಸ್ತ್ರಿ ಗಾಡಿ ಹತ್ತತಾರ."

"ಕಂಪ್ಯೂಟರ್ ಹಿಡದೈತಮ್ಮಾ. ನೋಡಿ ಬಿಡ್ತೀವಿ."

"ಆ ಕಂಪ್ಯೂಟರ್‌ನ ಒಂದಿನ ಗದ್ದಿಗೆ ಕಳಸ್ರಿ. ಕೆಸರಾಗ ಬಗ್ಗಿ ನೆಲ್ಲು ಹಚ್ಚಲಿ. ಕೂಲಿ ರೊಕ್ಕ ಯಾಕ ನಿಲ್ಲಂಗಿಲ್ಲಂತ ಗೊತ್ತಾಕ್ಕೈತಿ!"

ಶಾಖೆಯವರೆಲ್ಲ ನಕ್ಕರು. ನಾನು ನಕ್ಕೆನೋ ಇಲ್ಲವೋ ನೆನಪಿಲ್ಲ. ಈಗ ಹೇಳುವಾಗ ನಕ್ಕವರಲ್ಲಿ ನನ್ನನ್ನೂ ಸೇರಿಸಿಕೊಳ್ಳುತ್ತೇನೆ.

ಬಂದ ಹಣವನ್ನೆಲ್ಲ ಒಂದೊಂದಾಗಿ ಕೇಳುತ್ತ ಹೋದೆ. ಇದು ಯಾರ ಗದ್ದೆಯದು, ಅದು ಯಾರದು ಎಂದು ಹೇಳುತ್ತಿದ್ದವಳು ಒಂದಕ್ಕೆ ಮಾತ್ರ ಬೇರೆಯದೇ ಹೇಳಿದಳು.

"ಅದು ನಮ್ಮ ಅಳಿಯನ ದೋಸ್ತಂದು. ನಿನ್ನ ಖಾತೆಗೆ ಹಾಕಸ್ತೀನಿ, ನಾ ಹೇಳ್ದೋರಿಗೆ ಕಳಸು, ಮೊಬೈಲಿಗೆ ಕರೆನ್ಸಿ ಹಾಕ್ತೀನಿ ಅಂದ. ಹೆಂಗೂ ದಿನಾ ಕಳಸ್ತಿರ್ತೀನಲ್ರಿ, ಅದರಾಗ ಇದೊಂದು."

ಆ ಹಣ ಬಂದ ಖಾತೆ ಇದ್ದದ್ದು ನಾವಿಬ್ಬರೂ ಕಾಣದ ದೂರದ ಊರಿನಲ್ಲಿ. ಯಾರಿಂದಲೋ ಕದ್ದ ಹಣವನ್ನು ಆಕೆಯ ಕೈಯಿಂದ ದಾಟಿಸಲು ನೋಡಿದ್ದರು; ಸಾಫ್ಟ್‌ವೇರ್ ತಪ್ಪು ಮಾಡಿರಲಿಲ್ಲ. ನಾನಾಗಿದ್ದರೆ ಆ ಕೂಲಿಯ ರಾಶಿಯಲ್ಲಿ ಇದನ್ನು ಎಂದೂ ಹುಡುಕುತ್ತಿರಲಿಲ್ಲ. ಆದರೆ ನಾಟಿಯ ಕಾಲವೆಂದರೇನೆಂದು ಅದಕ್ಕೆ ಯಾರೂ ಹೇಳಿಕೊಟ್ಟಿರಲಿಲ್ಲ. ಆಮೇಲೆ ನಾನೇ ಹೇಳಿ ಅದನ್ನು ಸಾಫ್ಟ್‌ವೇರ್‌ನಲ್ಲಿ ಸೇರುವಂತೆ ಮಾಡಿದೆ. ಈಗ ಇಂಥ ಗುಂಪುಗಳ ಖಾತೆಗೆ ಸುಮ್ಮಸುಮ್ಮನೆ ಕೆಂಪು ಬೀಳುವುದಿಲ್ಲ.

ಆ ಒಂದು ಮೊತ್ತವನ್ನು ಹಿಡಿದಿಟ್ಟು ಉಳಿದದ್ದನ್ನು ಬಿಡಿಸಿದೆ. ಆಕೆ ಅಲ್ಲೇ ಕೂತು ಎಲ್ಲರಿಗೂ ಕೂಲಿ ಕಳಿಸಿದಳು. ನಂತರ ಅಳಿಯನ ಗೆಳೆಯನ ನಂಬರು ಹುಡುಕತೊಡಗಿದಳು.

"ಅವಂಗ ಫೋನ್ ಮಾಡಬ್ಯಾಡಮ್ಮಾ."

"ಬೈಯಾಕೂ ಬ್ಯಾಡೇನ್ರಿ?"

"ಈಗ ಬ್ಯಾಡ. ಎಚ್ಚರಾಗಿ ತಪ್ಪಿಸ್ಕೋತಾನ."

ಬೈಗುಳವನ್ನು ನುಂಗಿಕೊಂಡು ಗುಂಪಿನವಳೊಬ್ಬಳ ನಂಬರು ಒತ್ತಿದಳು. "ಏ, ರೊಕ್ಕ ಬಿತ್ತಿಲ್ಲೇನ್ಬೇ? ನಾಳಿ ನಸಕಿನಾಗ ಕುರುಗೋಡು ಗಾಡಿ. ಎಲ್ಲಾರ್ನೂ ಎಬ್ಬಸು."